ಗಂಡ ಹಳಿಯಾಳದವರು, ಆದ್ರೂ ಲಾಡ್ಜಲ್ಲಿ ಪಾಸ್‌ಪೋರ್ಟ್ ಕೇಳ್ತಾರೆ. ನೀವಾದ್ರೆ ಎಂತ ಮಾಡ್ತೀರಿ?

ಹಳಿಯಾಳದ_ಸೊಸೆ

ಎಲ್ಲರಿಗೂ ನಮಸ್ಕಾರ. ಇದನ್ನ ಬರಿಯುದಾ ಬೇಡ್ವಾ ಅಂತ ಒಂದು ತಿಂಗಳಿಂದ ಮನಸ್ಸಲ್ಲೇ ಇಟ್ಕೊಂಡಿದ್ದೆ. ನಮ್ಮವರು "ಬಿಡು ಮಾರಾಯ್ತಿ, ನಂಗೆ ಇದೆಲ್ಲ ಹೊಸ್ತಾ" ಅಂತಾರೆ. ಅವರಿಗೆ ಹೊಸ್ತಲ್ಲ, ಒಪ್ಪಿದೆ, ನಂಗೆ ಹೊಸ್ತು, ಅದಕ್ಕೇ ಬರಿತಾ ಇದ್ದೇನೆ.

ನಾನು ಬಂಟ್ವಾಳದ ಕಡೆಯವಳು, ಕ್ಯಾಥೋಲಿಕ್, ಮನೆಮಾತು ಕೊಂಕಣಿ. ಗಂಡ ಹಳಿಯಾಳ ತಾಲೂಕಿನ ಸಿದ್ದಿ, ಅವರೂ ಕ್ಯಾಥೋಲಿಕ್, ಅವರ ಮನೆಯಲ್ಲೂ ಕೊಂಕಣಿಯೇ, ಆದ್ರೆ ನಮ್ಮದಲ್ಲ, ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದರಲ್ಲಿ ಅರ್ಧ ಅಂದಾಜಿನ ಮೇಲೆ ನಡೆಸ್ತಿದ್ದೆ. ಸಿದ್ದಿ ಅಂದ್ರೆ ಯಾರು ಅಂತ ಗೊತ್ತಿಲ್ಲದವರಿಗೆ ಚುಟುಕಾಗಿ: ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವಾಕ್ಕೆ ಗುಲಾಮರಾಗಿ ಹಿಡಿದು ತಂದ ಜನ, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ನೆಲೆ ನಿಂತ್ರು. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ನೋಡ್ಲಿಕ್ಕೆ ಆಫ್ರಿಕಾದವರ ಹಾಗೇ, ಅದೇ ತಾಪತ್ರಯ.

ಡಿಸೆಂಬರಲ್ಲಿ ಓಲ್ಡ್ ಗೋವಾಕ್ಕೆ ಹೋದದ್ದು. ಸಾಂತ್ ಫ್ರಾನ್ಸಿಸ್ ಸಾವೆರ್‌ನ ಶರೀರವನ್ನ ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡ್ತಾರಲ್ಲ, ಈ ಸಲ 2024 ನವೆಂಬರ್ 21ರಿಂದ 2025 ಜನವರಿ 5ರ ತನಕ ಇತ್ತು. ಅತ್ತೆಗೆ ಹೋಗುವ ಆಸೆ, ಮೊಣಕಾಲು ಕೇಳುದಿಲ್ಲ, "ನೀವಾದ್ರೂ ಹೋಗಿ ಬನ್ನಿ" ಅಂತ ಒಂದು ಮೇಣದ ಬತ್ತಿ ಪೇಪರಲ್ಲಿ ಸುತ್ತಿ ಕೊಟ್ಟಿದ್ರು. ದಾಂಡೇಲಿ, ರಾಮನಗರ, ಅನಮೋಡ ಘಾಟಿ ಇಳಿದು ಬಸ್ಸಲ್ಲಿ ಹೋಗಿ ತಲುಪುವಾಗ ರಾತ್ರಿ ಏಳೂವರೆ. ರೂಮು ನನ್ನ ಹೆಸರಲ್ಲಿ ಬುಕ್ ಮಾಡಿ ದುಡ್ಡೂ ಕಟ್ಟಿ ಆಗಿತ್ತು.

ಕೌಂಟರಲ್ಲಿ ಒಬ್ಬ ಹುಡುಗ, ನನ್ನನ್ನ ನೋಡಿ ನಕ್ಕು ರಿಜಿಸ್ಟರ್ ತಿರುಗಿಸಿ ಕೊಟ್ಟ, ನಾನು ಹೆಸರು ಬರಿತಾ ಇದ್ದೆ. ಇವರು ಬ್ಯಾಗ್ ಹಿಡ್ಕೊಂಡು ಒಳಗೆ ಬಂದ್ರು. ಹುಡುಗ ನನ್ನ ಕೈಯಿಂದ ರಿಜಿಸ್ಟರ್ ಮೆಲ್ಲ ಹಿಂದೆ ಎಳ್ಕೊಂಡ. ಎಳ್ಕೊಂಡದ್ದು ಎಷ್ಟು ಮೆಲ್ಲಗೆ ಅಂದ್ರೆ ಪೆನ್ನಿನ ಗೀಟು ಪುಟದ ಅಡ್ಡಕ್ಕೆ ಉದ್ದ ಬಿತ್ತು. "ಪಾಸ್‌ಪೋರ್ಟ್, ವೀಸಾ" ಅಂದ ಹಿಂದಿಯಲ್ಲಿ, ಅದೂ ಇವರ ಹತ್ರ ಅಲ್ಲ, ನನ್ನ ಹತ್ರ. ಇವರು ಆಧಾರ್ ಕೊಟ್ರು. ಅದನ್ನ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ, ಆಮೇಲೆ ಅಂಚನ್ನ ಉಗುರಲ್ಲಿ ಕೆರೆದ, ಲ್ಯಾಮಿನೇಶನ್ ಎದ್ದು ಬರ್ತದಾ ಅಂತ. ಮ್ಯಾನೇಜರನ್ನ ಕರೆದ. ಮ್ಯಾನೇಜರ್ ಇಂಗ್ಲಿಷಲ್ಲಿ ಕೇಳಿದ್ರು, ಇಂಡಿಯಾಕ್ಕೆ ಬಂದು ಎಷ್ಟು ಸಮಯ ಆಯ್ತು ಅಂತ. ಇವರು ಕೊಂಕಣಿಯಲ್ಲಿ "ಚಾರ್‌ಶಿಂ ವರ್ಸಾಂ ಜಾಲಿಂ ಸಾಯ್ಬಾ" ಅಂದ್ರು. ನಾನೂರು ವರ್ಷ ಆಯ್ತು ಸ್ವಾಮಿ ಅಂತ. ಮ್ಯಾನೇಜರ್ ಒಮ್ಮೆ ಜೋರು ನಕ್ಕು, ಕೊಂಕಣಿ ಎಷ್ಟು ಚಂದ ಮಾತಾಡ್ತೀರಿ ಅಂತ ಹೊಗಳಿ, ಆಮೇಲೆ ಮ್ಯಾರೇಜ್ ಸರ್ಟಿಫಿಕೇಟ್ ಉಂಟಾ ಅಂತ ಕೇಳಿದ್ರು.

ಫೋನಲ್ಲಿದ್ದ ಫೋಟೋ ತೋರಿಸಿದ ಮೇಲೆ ರೂಮು ಸಿಕ್ಕಿತು. ನಾನು ಬುಕ್ ಮಾಡಿದ್ದು ರಸ್ತೆ ಬದಿಯದ್ದು, ಸಿಕ್ಕಿದ್ದು ಹಿಂದುಗಡೆ, ಜನರೇಟರ್ ಪಕ್ಕ. ಇದು ಬೇಕಂತ ಮಾಡಿದ್ದಾ, ನಿಜವಾಗ್ಲೂ ರೂಮು ಫುಲ್ಲಾ, ನಂಗೆ ಈಗ್ಲೂ ಗೊತ್ತಿಲ್ಲ, ನಿದ್ದೆ ಕೆಡಿಸುದು ಇದೇ. ಬಾಯಿಬಿಟ್ಟು ಬೈದ್ರೆ ತಿರುಗಿ ಬೈಬಹುದು. ಜನರೇಟರ್ ಪಕ್ಕದ ರೂಮು ಕೊಟ್ಟವನಿಗೆ ಎಂತ ಹೇಳುದು?

ಇನ್ನು ಮುಂದೆ ರೂಮು ಬುಕ್ ಮಾಡುವಾಗ ಮೊದ್ಲೇ ಫೋನ್ ಮಾಡಿ "ನನ್ನ ಗಂಡ ಸಿದ್ದಿ, ಭಾರತದವರೇ" ಅಂತ ಹೇಳಿಬಿಡುದಾ ಅಂತ ನನ್ನ ಯೋಚನೆ. ಇವರು ಸುತಾರಾಂ ಬೇಡ ಅಂತಾರೆ. ಈ ಥರ ಬೇರೆ ಬೇರೆ ಕಡೆಯವರು ಮದುವೆಯಾಗಿ ತಿರುಗಾಡುವವರು ಇಲ್ಲಿ ಯಾರಾದ್ರೂ ಇದ್ರೆ ಹೇಳಿ, ನೀವು ಎಂತ ಮಾಡುದು?

ನೇರ_ಮಾತು

ಮೇಡಂ ಬೇಜಾರಾಗ್ಬೇಡಿ, ಆದ್ರೆ ಇದ್ರಲ್ಲಿ ರೇಸಿಸಂ ಎಲ್ಲಿದೆ? ಫಾರಿನರ್ ಥರ ಕಂಡ್ರೆ ಪಾಸ್‌ಪೋರ್ಟ್ ಕೇಳೋದು ಅವ್ರ ಕೆಲ್ಸ. ಆಧಾರ್ ತೋರಿಸಿದ್ರಿ, ರೂಮ್ ಕೊಟ್ರು, ಮುಗೀತು. ಎಲ್ಲದಕ್ಕೂ ಬಣ್ಣ ಹಚ್ಚಿದ್ರೆ ಹೆಂಗೆ.

ಕಲಘಟಗಿ_ಒಂದ್_ಕೊಡ್ರಿ

ಬಣ್ಣ ಹಚ್ಚಿದ್ದು ನಾವಲ್ರಿ ಸರ್, ದೇವ್ರು ಹಚ್ಚಿ ಕಳ್ಸ್ಯಾನ 😄

ಅಕ್ಕಾ ನಾನೂ ಸಿದ್ದಿನ, ಯಲ್ಲಾಪುರ ಕಡೆ, ಧಾರವಾಡದಾಗ ಓದಾಕತ್ತೀನಿ. ಬಸ್ ಹತ್ತಿದ್ ಕೂಡ್ಲೆ ಕಂಡಕ್ಟರ್ ಸಾಹೇಬ್ರು ಇಂಗ್ಲಿಷ್ ಚಾಲೂ ಮಾಡ್ತಾರ, "ವೇರ್ ಗೋಯಿಂಗ್, ವೇರ್ ಗೋಯಿಂಗ್" ಅಂತ, ಅದೂ ಕಿವಿ ಕೇಳಂಗಿಲ್ಲೇನೋ ಅನ್ನೂವಂಗ ಜೋರಾಗಿ. ನಾ "ಕಲಘಟಗಿ ಒಂದ್ ಕೊಡ್ರಿ ಯಣ್ಣಾ" ಅಂದ್ರ ಇಡೀ ಬಸ್ ಹೊಳ್ಳಿ ನೋಡ್ತೈತಿ. ಅಲ್ಲಿಂದ ಶುರು ನೋಡ್ರಿ, "ಅರೆ ಎಷ್ಟ್ ಛಲೋ ಕನ್ನಡ ಮಾತಾಡ್ತಿ ತಮ್ಮಾ, ಎಲ್ಲಿ ಕಲ್ತಿ?" ಎಲ್ಲಿ ಕಲೀಲಿ, ನಮ್ಮವ್ವನ ಹೊಟ್ಯಾಗ. ಆ ಕೇಳಿದ ಕಾಕಾಗ ಖರೇನ ಖುಷಿ ಆಗಿರ್ತೈತಿ, ಅವಂಗ ನನ್ನ ಮ್ಯಾಲ ಸಿಟ್ಟಿಲ್ಲ, ಒಂದ್ ಪೇಡಾ ಸುದ್ಧಾ ಕೊಟ್ಟಾನ ಒಮ್ಮೆ. ಆದ್ರ ದಿನಾ ಹೊಗಳಿಸ್ಕೊಂಡು ಸಾಕಾಗೇತಿ ಅಕ್ಕಾ. ನಿಮಗ ಯಾರರ ನಿಮ್ಮೂರಾಗ ನಿಂತು ನಿಮ್ಮ ಭಾಷಾ ಛಲೋ ಅದ ಅಂದ್ರ ಹೆಂಗ ಅನಸ್ತೈತಿ?

ನಮ್ಮವ್ವ ಫ್ರೀ ಬಸ್‌ಗೆ ಆಧಾರ್ ತೋರ್ಸಿದ್ರ ಮಂದಿಗೆ ಒಂದ್ ಸಲ ನೋಡಿದ್ದು ಆಕೀದು ಎರಡ್ ಸಲ ನೋಡ್ತಾರ. ಈಗ ಆಕಿ ಆಧಾರ್ ತೋರಿಸೂಕ್ಕಿಂತ ಮೊದ್ಲ "ನಾವ್ ಯಲ್ಲಾಪುರದಾವ್ರಪಾ" ಅಂತ ಹೇಳೂದ ರೂಢಿ ಮಾಡ್ಕೊಂಡಾಳ.

ಹಳಿಯಾಳದ_ಸೊಸೆ

ತಮ್ಮಾ ನಿನ್ನ ಕಮೆಂಟ್ ಇವರಿಗೆ ಓದಿ ಹೇಳಿದೆ, ನಕ್ಕು ನಕ್ಕು ಸಾಕಾಯ್ತು ಅವರಿಗೆ. ಅವರ ಅನುಭವದಲ್ಲಿ ಎರಡನೇ ಪ್ರಶ್ನೆ "ಫುಟ್‌ಬಾಲ್ ಆಡ್ತೀರಾ" ಅಂತೆ.

ಕಲಘಟಗಿ_ಒಂದ್_ಕೊಡ್ರಿ

ಹೌದ್ರಿ ಹೌದು 😂 ಇಲ್ಲಾಂದ್ರ ಓಟ. ನಮ್ಮ ದೊಡ್ಡಪ್ಪನ ಕಾಲಕ್ಕ ಸರ್ಕಾರನೂ ಹಂಗ ಅನ್ಕೊಂಡಿತ್ತು, 1987ರಾಗ ಸ್ಪೋರ್ಟ್ಸ್ ಅಥಾರಿಟಿಯವ್ರು ಬಂದು ಸಿದ್ದಿ ಹುಡುಗ್ರನ್ನ ಆರಿಸಿ ಟ್ರೇನಿಂಗಿಗೆ ಒಯ್ದಿದ್ರು, 1993ರಾಗ ಸ್ಕೀಮ್ ಬಂದ್ ಮಾಡಿ ಮನಿಗೆ ಕಳ್ಸಿದ್ರು. ನಾ ಓಡೂದು ಬಸ್ ತಪ್ಪಿದ್ರ ಅಷ್ಟ.

ನೈಟ್_ಡ್ಯೂಟಿ

ನಾನು ಬೆಂಗಳೂರಲ್ಲಿ ಲಾಡ್ಜ್ ರಿಸೆಪ್ಷನಲ್ಲಿ ಆರು ವರ್ಷದಿಂದ ಇದೀನಿ, ಕೌಂಟರ್ ಆಚೆ ಕಡೆ ಕಥೆನೂ ಸ್ವಲ್ಪ ಕೇಳಿ. ಫಾರಿನರ್ ಬಂದ್ರೆ ನಾವು ಇಪ್ಪತ್ನಾಲ್ಕು ಗಂಟೆ ಒಳಗೆ ಸಿ ಫಾರ್ಮ್ ಅಪ್‌ಲೋಡ್ ಮಾಡ್ಬೇಕು, ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ಫೋಟೋ ಎಲ್ಲ. ಮಿಸ್ ಆದ್ರೆ ಪೊಲೀಸ್ರು ಓನರ್‌ನ ಹಿಡಿತಾರೆ, ಓನರ್ ನಮ್ಮ ಸಂಬಳ ಹಿಡಿತಾನೆ. ಅದಕ್ಕೇ ಹುಡುಗ್ರು ಹೆದರ್ತಾರೆ, ಇದು ಒಂದು ಭಾಗ.

ಇನ್ನೊಂದು ಭಾಗನೂ ಹೇಳ್ಬಿಡ್ತೀನಿ, ಸುಳ್ಳು ಯಾಕೆ. ಬಿಳಿ ಫಾರಿನರ್ ಬಂದ್ರೆ ಅದೇ ಸಿ ಫಾರ್ಮ್‌ನ ನಾವು ನೀರು ಕೊಟ್ಟು, ಕೂರ್ಸಿ, ನಗ್‌ನಗ್ತಾ ತುಂಬ್ತೀವಿ. ಆಫ್ರಿಕಾದವ್ರು ಬಂದ್ರೆ "ರೂಮ್ ಇಲ್ಲ" ಅನ್ನು ಅಂತ ನಾನು ಕೆಲ್ಸಕ್ಕೆ ಸೇರಿದ ಮೊದಲ ವಾರನೇ ಓನರ್ ಹೇಳಿದ್ದ. ಎಲ್ಲೂ ಬರೆದಿರಲ್ಲ, ಬಾಯಲ್ಲೇ. ಕೀ ಬೋರ್ಡ್ ಮೇಲೆ ಹನ್ನೆರಡು ಕೀ ನೇತಾಡ್ತಾ ಇರುತ್ತೆ, ಅದರ ಮುಂದೆನೇ ನಿಂತು ಫುಲ್ ಅಂದಿದೀನಿ ಸರ್ ನಾನು. ಅವ್ರು ಬೋರ್ಡ್ ನೋಡ್ತಾರೆ, ನನ್ನ ಮುಖ ನೋಡ್ತಾರೆ, ಥ್ಯಾಂಕ್ಯೂ ಅಂತ ಹೇಳಿ ಹೋಗ್ತಾರೆ. ಆಮೇಲೆ ನಾನು ಆ ಕೀಗಳನ್ನ ಡ್ರಾಯರ್‌ಗೆ ಹಾಕಿಡೋಕೆ ಶುರು ಮಾಡ್ದೆ.

ಮೇಡಂ ಜನರೇಟರ್ ರೂಮ್ ಬಗ್ಗೆ ಕೇಳಿದ್ರಲ್ಲ, ಬೇಕಂತಲೇ ಕೊಟ್ಟಿರ್ತಾರೆ. ಮುಂದಿನ ರೂಮ್ ಕೊಟ್ರೆ ಬೇರೆ ಗೆಸ್ಟ್ ಕಣ್ಣಿಗೆ ಬೀಳ್ತಾರೆ ಅಂತ. ನಂಗೆ ಗೊತ್ತಿರೋ ಕಡೆ ಹಂಗೇ ಮಾಡೋದು.

ನೇರ_ಮಾತು

ಸರಿ ಇದು ತಪ್ಪು, ಒಪ್ತೀನಿ. ಆದ್ರೆ ಬೆಂಗಳೂರಲ್ಲಿ ಕೆಲವು ಏರಿಯಾದಲ್ಲಿ ಆಫ್ರಿಕಾದವ್ರು ಮಾಡೋ ಗಲಾಟೆ, ಡ್ರಗ್ಸು, ಅದೂ ಇದೆ ಅಲ್ವಾ. ಜನ ಸುಮ್ನೆ ಹೆದರಲ್ಲ.

ಬುತ್ತಿಗಂಟು

ಯಾರೋ ಒಬ್ಬ ಮಾಡಿದ್ದಕ್ಕ ಅದ ಬಣ್ಣದವ್ರ ಎಲ್ಲಾರ್ಗೂ ಶಿಕ್ಷಾ ಅಂದ್ರ 2016ರ ಜನವರಿ 31 ನೆನಪ ಮಾಡ್ಕೋರಿ ಸರ್. ಬೆಂಗಳೂರ ಸೋಲದೇವನಹಳ್ಳಿ ಕಡೆ ಸುಡಾನ್‌ದವ ಒಬ್ಬನ ಕಾರು ಡಿಕ್ಕಿ ಹೊಡದು ಒಬ್ಬಾಕಿ ಹೆಣ್ಮಗಳು ತೀರಿಕೊಂಡ್ಲು. ಅರ್ಧಾ ತಾಸಿನ ಮ್ಯಾಲ ಆ ದಾರಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿನ್ನ ಹಿಡದು ಬಡದ್ರು, ಆಕಿಗೂ ಆ ಕಾರಿಗೂ ಸಂಬಂಧನ ಇಲ್ಲ. ಬ್ಯಾರೆ ದೇಶ, ಬ್ಯಾರೆ ಮನಷ್ಯಾ. ಬಣ್ಣ ಒಂದ ಅಂತ ಅಷ್ಟ.

ನಾ ಧಾರವಾಡದಾಕಿ, ಸಿಎಸ್‌ಐ ಪ್ರೊಟೆಸ್ಟಂಟ್ ಸಭೆಯಾಕಿ, ನಮ್ಮಜ್ಜ ಬಾಸೆಲ್ ಮಿಶನ್ ಸಾಲ್ಯಾಗ ಮಾಸ್ತರ್ ಇದ್ರು. ಈಗ ನಾರ್ತ್ ಕ್ಯಾರೊಲಿನಾದಾಗ ಹನ್ನೊಂದ ವರ್ಷ. ಗಂಡ ಅಲ್ಲೀ ಕರಿಯ ಬ್ಯಾಪ್ಟಿಸ್ಟ್ ಕುಟುಂಬದಾಂವ. ಅವನ ಅಜ್ಜಿ ಅಲಬಾಮಾದಾಗ ಇರ್ತಾಳ, ವರ್ಷಕ್ಕೊಮ್ಮೆ ಕಾರಿನ್ಯಾಗ ಹೋಗ್ತೀವಿ. ಮೊದಲ ಸಲ ಹೊಂಟಾಗ ನಮ್ಮತ್ತಿ ಒಂದ ಬೂಟಿನ ಡಬ್ಬಿ ತಂದ ಮಡಿಲಾಗ ಇಟ್ಲು. ತಗದ ನೋಡಿದ್ರ ಮೇಣಕಾಗದದಾಗ ಸುತ್ತಿದ ಕರದ ಕೋಳಿ, ಕುದಿಸಿದ ತತ್ತಿ, ಕೇಕಿನ ತುಂಡು. ದಾರಿಗುಂಟ ನೂರಾ ಎಂಟ ಹೋಟೆಲ್ ಅದಾವಲ್ಲ ಅಂದೆ. ಆಕಿ ಏನೂ ಅನ್ಲಿಲ್ಲ, ಡಬ್ಬಿಗೆ ಇನ್ನೊಂದ ಸುತ್ತ ದಾರ ಕಟ್ಟಿದ್ಲು.

ಆಮ್ಯಾಲ ಗಂಡ ಹೇಳಿದ. ಅವರಮ್ಮ ಸಣ್ಣಾಕಿದ್ದಾಗ ದಕ್ಷಿಣದ ದಾರ್ಯಾಗ ಕರಿ ಮಂದಿಗೆ ಹೋಟೆಲ್ನ್ಯಾಗ ಊಟಾ ಕೊಡ್ತಿದ್ದಿಲ್ಲ, ಮಲಗಾಕ ಜಾಗಾ ಕೊಡ್ತಿದ್ದಿಲ್ಲ, ಶೌಚಕ್ಕ ಸುದ್ಧಾ ಬಿಡ್ತಿದ್ದಿಲ್ಲ. ಹಾರ್ಲೆಂದಾಗ ವಿಕ್ಟರ್ ಗ್ರೀನ್ ಅಂತ ಒಬ್ಬ ಪೋಸ್ಟ್‌ಮನ್ 1936ರಾಗ ಒಂದ ಪುಸ್ತಕಾ ಶುರು ಮಾಡಿದ, ಯಾವೂರಾಗ ಯಾವ ಮನ್ಯಾಗ ನಮಗ ರೂಮ್ ಕೊಡ್ತಾರ, ಎಲ್ಲಿ ಪೆಟ್ರೋಲ್ ಹಾಕ್ತಾರ ಅನ್ನೂ ಪಟ್ಟಿ, ಮೂವತ್ತ ವರ್ಷ ನಡೀತು. 1964ರಾಗ ಕಾಯ್ದೆ ಬಂದು ಹೋಟೆಲ್ ಬಾಗಿಲಾ ತಗದ್ವು. ಬಾಗಿಲಾ ತಗದ ಅರವತ್ತ ವರ್ಷಾದ್ರೂ ನಮ್ಮತ್ತಿ ಡಬ್ಬಿ ಕಟ್ಟೂದ ಬಿಟ್ಟಿಲ್ಲ. ನಮ್ಮವ್ವನೂ ರೈಲಿಗೆ ಹೊಂಟ್ರ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ ಬುತ್ತಿ ಕಟ್ಟಾಕಿ, ಆದ್ರ ನಮ್ಮದು ರುಚಿಗೆ ಕಟ್ಟಿದ ಬುತ್ತಿ, ಅವರದು ಹೆದರಿಕಿಗೆ ಕಟ್ಟಿದ್ದು. ನೋಡಾಕ ಎರಡೂ ಒಂದ ಥರ ಗಂಟು.

ಈಗ ನಾವು ಏನ ಮಾಡ್ತೀವಿ ಅಂದ್ರ, ರಾತ್ರಿ ಸಣ್ಣೂರಾಗ ಪೆಟ್ರೋಲ್ ಹಾಕ್ಸೂದಿದ್ರ ನಾ ಇಳೀತೀನಿ, ಆಂವ ಕಾರಿನ್ಯಾಗ ಕುಂದರ್ತಾನ. ಟಾಕಿ ಅರ್ಧಕ್ಕಿಂತ ಕೆಳಗ ಬರಗೊಡಂಗಿಲ್ಲ. ಹೋಟೆಲ್ನ್ಯಾಗ ಒಂದ ಟೇಬಲ್‌ಗೆ ಕುಂತ ಒಂದ ತಾಟಿನ್ಯಾಗ ಉಂಡ್ರೂ ಬಿಲ್ ಕೊಡೂವಾಗ "ಬ್ಯಾರೆ ಬ್ಯಾರೆ ಮಾಡ್ಲೇನು" ಅಂತ ಕೇಳ್ತಾರ. ಎದುರಿಗೆ ಬಿಳೇ ಹುಡುಗಾ ಹುಡುಗಿ ಕುಂತಿದ್ರ ಅವ್ರಿಗೆ ಕೇಳಂಗಿಲ್ಲ. ಮೊದಮೊದಲ ನಾ ಇದನ್ನ ಗಮನಿಸಿದ್ದಿಲ್ಲ, ಈಗ ಗಮನಿಸಲಾರದ ಇರಾಕ ಆಗಂಗಿಲ್ಲ.

ಹಳಿಯಾಳದ_ಸೊಸೆ

ಅಕ್ಕ, ಡಬ್ಬಿಗೆ ಇನ್ನೊಂದು ಸುತ್ತು ದಾರ ಕಟ್ಟಿದ್ದು ಓದಿ ಸುಮ್ಮನೆ ಕೂತ್ಕೊಂಡೆ ಸ್ವಲ್ಪ ಹೊತ್ತು.

ಐಝಾಲ್_ಅಳಿಯ

ನಮ್ಮನೆ ಕಥೆ ಉಲ್ಟಾ ಪಲ್ಟಾ ಕಣ್ರೀ. ನಾನು ಮೈಸೂರವನು, ಮೆಥಡಿಸ್ಟು. ಹೆಂಡ್ತಿ ಮಿಜೋರಾಂನವಳು, ಪ್ರೆಸ್ಬಿಟೇರಿಯನ್. ಮದುವೆಯಾಗಿ ಏಳು ವರ್ಷ. ಮಡಿಕೇರಿ ಹತ್ರ ಹೋಂಸ್ಟೇನಲ್ಲಿ ಅವಳ ಪಾಸ್‌ಪೋರ್ಟ್ ಕೇಳಿದ್ರು, ವೋಟರ್ ಐಡಿ ಕೊಟ್ಲು, ಅದನ್ನ ನೋಡಿ ಆ ಯಜಮಾನ್ರು "ಮಿಜೋರಾಂ ಅಂದ್ರೆ ಥೈಲ್ಯಾಂಡ್ ಪಕ್ಕನಾ?" ಅಂದ್ರು. ಒಳ್ಳೇ ಮನುಷ್ಯ, ಬೆಳಿಗ್ಗೆ ಕಡುಬು ಪಂದಿಕರಿ ಮಾಡಿಸಿ ಹಾಕಿದ್ರು, ನಮ್ಮವಳು ಹಂದಿ ಮಾಂಸ ಅಂದ್ರೆ ಎಲ್ಲ ಮರೀತಾಳೆ, ಜಗಳ ಅಲ್ಲಿಗೇ ಖತಂ. ಆದ್ರೆ ಎಲ್ಲಾ ಕಡೆ ಪಂದಿಕರಿ ಸಿಗಲ್ವಲ್ಲ. ಮೈಸೂರಲ್ಲೇ ಆಟೋದವನು ಒಬ್ಬ ಅವಳ ಎದುರಿಗೇ ನನ್ನ ಹತ್ರ ಕನ್ನಡದಲ್ಲಿ "ಎಷ್ಟಕ್ಕೆ ಸಾರ್" ಅಂತ ಕೇಳ್ದ. ಅವಳಿಗೆ ಕನ್ನಡ ನನಗಿಂತ ಚೆನ್ನಾಗಿ ಬರುತ್ತೆ. ಅವಳು ಅವನಿಗೆ ಕೊಟ್ಟ ಉತ್ತರ ಇಲ್ಲಿ ಬರೆದ್ರೆ ಅಡ್ಮಿನ್ ನನ್ನ ಎತ್ತಿ ಹೊರಗೆ ಹಾಕ್ತಾರೆ.

2012ರ ಆಗಸ್ಟಲ್ಲಿ ಬೆಂಗಳೂರಿಂದ ಈಶಾನ್ಯದವರೆಲ್ಲ ವದಂತಿಗೆ ಹೆದರಿ ರೈಲು ಹತ್ತಿದ್ರಲ್ಲ, ಆಗ ಇವಳು ಸ್ಟೂಡೆಂಟು, ಇವಳೂ ಹತ್ತಿದ್ಲು. ಇವತ್ತಿಗೂ ರೈಲ್ವೆ ಸ್ಟೇಷನಲ್ಲಿ ಜಾಸ್ತಿ ರಶ್ ಇದ್ರೆ ನನ್ನ ತೋಳು ಗಟ್ಟಿ ಹಿಡ್ಕೋತಾಳೆ.

ಈಗ ಉಲ್ಟಾ ಕಥೆ. ಅತ್ತೆ ಮನೆಗೆ ಹೋಗ್ಬೇಕಂದ್ರೆ ನಂಗೆ ಪರ್ಮಿಟ್ ಬೇಕು! ಇನ್ನರ್ ಲೈನ್ ಪರ್ಮಿಟ್, ಬ್ರಿಟಿಷರ 1873ರ ಕಾಯ್ದೆ, ಮಿಜೋರಾಂ ಒಳಗೆ ಹೊರಗಿನವರು ಕಾಲಿಡೋಕೆ. ಲೆಂಗ್‌ಪುಯ್ ಏರ್‌ಪೋರ್ಟಲ್ಲಿ ಇಳಿದು ಅವಳು ಸೀದಾ ಹೊರಗೆ ಹೋಗ್ತಾಳೆ, ನಾನು ಕೌಂಟರಲ್ಲಿ ಫಾರ್ಮ್ ತುಂಬ್ತಾ ನಿಂತಿರ್ತೀನಿ, ಗಾಜಿನಾಚೆ ಅವಳು ನಿಂತು ನಗ್ತಿರ್ತಾಳೆ. ಅಲ್ಲಿ ನಾನು "ವಾಯ್", ಅಂದ್ರೆ ಬಯಲುಸೀಮೆ ಕಡೆಯವನು, ಹೊರಗಿನವನು. ಮಾವನ ಮನೆ ಪಕ್ಕದ ಮುದುಕಿ ಮೊದಲ ವರ್ಷ ನನ್ನ ಕಂಡ್ರೆ ಕೋಳಿಗಳನ್ನ ಒಳಗೆ ಕೂಡಿಹಾಕೋರು. ಭಾನುವಾರ ಐಝಾಲಲ್ಲಿ ಒಂದು ಅಂಗಡಿ ತೆಗೆಯಲ್ಲ, ಎಲ್ಲಾ ಚರ್ಚಿಗೆ. ಚರ್ಚಲ್ಲಿ ನಾನು ಒಬ್ಬನೇ ಈ ಮೂಗು ಈ ಬಣ್ಣ. ಹಾಡು ಬರಲ್ಲ, ಬಾಯಾಡಿಸ್ತೀನಿ. ಆಗ ನಂಗೆ ಅರ್ಥವಾಗಿದ್ದು ಮೈಸೂರಲ್ಲಿ ಇವಳು ಇಷ್ಟು ವರ್ಷ ಏನು ಅನುಭವಿಸ್ತಿದ್ಲು ಅಂತ. ಆದ್ರೂ ಒಂದು ವ್ಯತ್ಯಾಸ, ಅಲ್ಲಿ ಯಾರೂ ನನ್ನ ರೇಟ್ ಕೇಳಿಲ್ಲ.

ಕರಿಕೋಟು

ವಕೀಲನಾಗಿ ಒಂದೆರಡು ಮಾತು, ಫೀಸ್ ಇಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನಾ ಸ್ಥಳ ಇಲ್ಲೆಲ್ಲ ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಊರು ಇದರ ಮೇಲೆ ಯಾವ ನಾಗರಿಕನನ್ನೂ ತಡೆಯುವ ಹಾಗಿಲ್ಲ ಅನ್ನುತ್ತೆ. ಜಾತಿ ಒಂದೇ ಅಲ್ಲ, ಮೂಲವಂಶ ಅಂತ ಬೇರೆಯಾಗೇ ಇದೆ, ತುಂಬಾ ಜನ ಅದನ್ನ ಓದಿಯೇ ಇಲ್ಲ. ಇನ್ನು ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡ, ಬೆಳಗಾವಿ ಧಾರವಾಡದವರನ್ನ 2020ರಲ್ಲಿ ಸೇರಿಸಿದ್ರು. ಕ್ರಿಶ್ಚಿಯನ್ ಆದ್ರೆ ಎಸ್‌ಟಿ ಹೋಗುತ್ತೆ ಅಂತ ಕೆಲವರು ಹೆದರಿಸ್ತಾರೆ, ಎಸ್‌ಸಿ ವಿಷಯ ಬೇರೆ, ಎಸ್‌ಟಿಗೆ ಧರ್ಮ ಅಡ್ಡಿಯಲ್ಲ. ಹಾಗಾಗಿ 1989ರ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಗಂಡನಿಗೂ ಅನ್ವಯ.

ಆದ್ರೆ ಪ್ರಾಮಾಣಿಕವಾಗಿ ಹೇಳ್ತೀನಿ, ಬರೀ ಪಾಸ್‌ಪೋರ್ಟ್ ಕೇಳಿದ ಅಂತ ಕೇಸ್ ನಿಲ್ಲಲ್ಲ. ಆಧಾರ್ ನೋಡಿದ ಮೇಲೂ ರೂಮ್ ಇಲ್ಲ ಅಂದ್ರೆ, ಅಥವಾ ನಾಲ್ಕು ಜನರ ಮುಂದೆ ಜನಾಂಗ ಹಿಡಿದು ಅವಮಾನ ಮಾಡಿದ್ರೆ ಆಗ ಗಟ್ಟಿ. ದುಡ್ಡು ಕಟ್ಟಿದ ಬುಕಿಂಗ್ ಕ್ಯಾನ್ಸಲ್ ಮಾಡಿದ್ರೆ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, "ಯಾಕೆ ಕೊಡಲ್ಲ ಅಂತ ಬರೆದು ಕೊಡಿ" ಅನ್ನಿ, ಬರೆದು ಕೊಡಲ್ಲ, ರೂಮ್ ಕೊಡ್ತಾರೆ. ಮತ್ತೆ ಗಂಡ ಹೆಂಡ್ತಿ ಮ್ಯಾರೇಜ್ ಸರ್ಟಿಫಿಕೇಟ್ ತೋರಿಸಿದ್ರೇನೇ ರೂಮ್ ಅನ್ನೋ ಕಾನೂನು ಎಲ್ಲೂ ಇಲ್ಲ.

ಬೆಂದೂರ್_ಹುಡುಗಿ

ಒಂದು ಪ್ರಶ್ನೆ ಕೇಳ್ಲಾ ಅಕ್ಕ, ಸಿಟ್ಟು ಮಾಡ್ಬೇಡಿ. ಲಾಡ್ಜಿನವ ಹೊರಗಿನವ. ನಮ್ಮ ಮಂಗಳೂರಿನ ಕ್ಯಾಥೋಲಿಕರು ಎಂತ ಕಮ್ಮಿಯಾ? ಮತಾಂತರ ಆದಾಗಲೇ ಬಿಟ್ಟು ಬಂದ ಬಾಮಣ್, ಚಾರ್ಡಿ ಅನ್ನುವ ಹಳೇ ಜಾತಿ ಲೆಕ್ಕ ಇವತ್ತಿಗೂ ಮದುವೆ ಮಾತಲ್ಲಿ ಮೆಲ್ಲ ಕೇಳ್ತಾರೆ. ಸಿದ್ದಿ ಅಂದಾಗ ನಿಮ್ಮ ಮನೆಯಲ್ಲಿ ಎಂತ ಹೇಳಿದ್ರು?

ಹಳಿಯಾಳದ_ಸೊಸೆ

ಸಿಟ್ಟು ಎಂತದು, ಸರಿಯಾಗೇ ಕೇಳಿದ್ದಿ. ಅಪ್ಪ ಎರಡು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. ಅಮ್ಮ ಮಾತಾಡಿದ್ರು, ಅದಕ್ಕಿಂತ ಮಾತಾಡದಿದ್ರೇ ಒಳ್ಳೆದಿತ್ತು. ಮದುವೆಗೆ ಮೊದಲಿನ ರೋಸ್ ಶಾಸ್ತ್ರದ ದಿನ ತೆಂಗಿನ ಹಾಲು ಹಚ್ಚುವಾಗ ನನ್ನ ಚಿಕ್ಕಮ್ಮ ಒಬ್ಬರು "ನಿಂಗೆ ಹಚ್ಚಿದ್ರೆ ಸಾಕು, ಅವನಿಗೆ ಎಷ್ಟು ಹಚ್ಚಿದ್ರೂ ಅಷ್ಟೇ" ಅಂದ್ರು, ಎಲ್ಲ ನಗಾಡಿದ್ರು. ನಾನೂ ನಕ್ಕೆ. ಅದೇ ಈಗ ಕುಟುಕುದು, ನಾನು ನಕ್ಕದ್ದು. ಅದೇ ಚಿಕ್ಕಮ್ಮ ಆಪರೇಶನ್ ಆಗಿ ಮಲಗಿದ್ದಾಗ ಇವರು ಇಪ್ಪತ್ತು ದಿನ ಬೆಳಿಗ್ಗೆ ಸಂಜೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿದ್ದು, ಇವರು ಫಿಸಿಯೋಥೆರಪಿಸ್ಟ್. ಈಗ ಚಿಕ್ಕಮ್ಮನಿಗೆ ಇವರಿಲ್ಲದೆ ಆಗುದಿಲ್ಲ. ಸಾರಿ ಅಂತ ಹೇಳ್ಲಿಲ್ಲ, ಹಬ್ಬಕ್ಕೆ "ಸಣ್ಣ" (ನಮ್ಮ ಕಡೆಯ ಇಡ್ಲಿ) ಮತ್ತು ಡುಕ್ರಾ ಮಾಸ್ (ಹಂದಿ ಮಾಂಸ) ಮಾಡಿದ್ರೆ ಮೊದಲ ಡಬ್ಬಿ ಇವರಿಗೆ.

ಚರ್ಚಿನ ಒಂದು ತಮಾಷೆ ಹೇಳ್ತೇನೆ. ಬೆಂಗಳೂರಿನ ಸೆಮಿನರಿಗಳಲ್ಲಿ ಆಫ್ರಿಕಾದಿಂದ ಬಂದು ಪಾದ್ರಿಯಾಗ್ಲಿಕ್ಕೆ ಓದುವ, ಮದುವೆಯಾಗದ ಬ್ರದರ್‌ಗಳು ಇರ್ತಾರಲ್ಲ, ನಮ್ಮ ಏರಿಯಾದ ಚರ್ಚಲ್ಲಿ ಎಲ್ಲರೂ ಇವರನ್ನ ಅದೇ ಅಂತ ತಿಳ್ಕೊಂಡಿದ್ರು. ಒಬ್ಬರು ಆಂಟಿ ಪ್ರತೀ ಆದಿತ್ಯವಾರ "ಗುಡ್ ಮಾರ್ನಿಂಗ್ ಬ್ರದರ್, ಪ್ರೇ ಫಾರ್ ಮಿ" ಅಂತ ಹೇಳಿ ಹೋಗುದು. ಇವರು ಪಾಪ, ಹೇಗೆ ಬೇಡ ಅನ್ನುದು, "ಆಯ್ತು" ಅಂತ ಪ್ರಾರ್ಥನೆಯೂ ಮಾಡ್ತಿದ್ರು ಅಂತೆ. ಮದುವೆಯಾದ ಮೇಲೆ ನಾನು ಮೊದಲ ಸಲ ಜೊತೆಗೆ ಹೋದೆ, ಮೆಟ್ಟಿಲು ಇಳಿಯುವಾಗ ಇವರ ಕೈ ಹಿಡಿದೆ. ಆ ಆಂಟಿಯ ಮುಖ ನೋಡ್ಬೇಕಿತ್ತು ನೀವು. ಸೀದಾ ಫಾದರ್ ಹತ್ರ ಕಂಪ್ಲೇಂಟ್ ಹೋಯ್ತು, ಬ್ರದರ್ ಒಬ್ಬರು ಹುಡುಗಿ ಜೊತೆ ತಿರುಗ್ತಾ ಇದ್ದಾರೆ ಅಂತ 😂

ನಕ್ಕು ನಕ್ಕು ಸುಸ್ತಾಗಿ ಮನೆಗೆ ಬಂದ ಮೇಲೆ ಇವರು ಒಂದು ಮಾತು ಹೇಳಿದ್ರು, "ನಾಲ್ಕು ವರ್ಷದಲ್ಲಿ ಒಬ್ಬರೂ ನನ್ನ ಊರು ಕೇಳ್ಲಿಲ್ಲ, ದೇಶ ಕೇಳಿದ್ರು" ಅಂತ.

ಸಂಡೆಸ್ಕೂಲ್_ಟೀಚರ್

ಬೈಬಲ್ಲಿನ ಅರಣ್ಯಕಾಂಡ 12ನೇ ಅಧ್ಯಾಯ ಓದಿ ಎಲ್ಲರೂ. ಮೋಶೆ ಕೂಷ್ ದೇಶದ ಹೆಣ್ಣನ್ನ ಮದುವೆಯಾಗಿದ್ದಕ್ಕೆ ಅಕ್ಕ ಮಿರ್ಯಾಮ್, ಅಣ್ಣ ಆರೋನ್ ಆಡಿಕೊಳ್ತಾರೆ. ಕೂಷ್ ಅಂದ್ರೆ ಈಜಿಪ್ಟಿನ ದಕ್ಷಿಣಕ್ಕೆ, ಕಪ್ಪು ಜನರ ನಾಡು. ದೇವರಿಗೆ ಸಿಟ್ಟು ಬಂದು ಮಿರ್ಯಾಮಳ ಮೈ ಕುಷ್ಠದಿಂದ ಹಿಮದ ಹಾಗೆ ಬೆಳ್ಳಗಾಗುತ್ತೆ. ಕಪ್ಪು ಹೆಂಡ್ತಿ ಬಗ್ಗೆ ಆಡಿದವಳಿಗೆ ಬಿಳಿ ಬಣ್ಣವೇ ಶಿಕ್ಷೆ, ಏಳು ದಿನ ಪಾಳೆಯದ ಹೊರಗೆ. ಮಕ್ಕಳಿಗೆ ಈ ಪಾಠ ಮಾಡೋವಾಗ ನಾನು "ಅಧಿಕಾರಕ್ಕಾಗಿ ಜಗಳ" ಅಂತ ಮಾತ್ರ ಹೇಳಿ ದಾಟಿಸ್ತಿದ್ದೆ, ಹೆಂಡ್ತಿ ವಿಷಯ ಬಿಟ್ಟೇಬಿಡ್ತಿದ್ದೆ. ನಮ್ಮ ಪುಸ್ತಕದ ಚಿತ್ರದಲ್ಲಿ ಅವಳು ಇರೋದೇ ಇಲ್ಲ.

ಬುತ್ತಿಗಂಟು

ಟೀಚರ್, ಅದ ಬೈಬಲ್ ಹಿಡಕೊಂಡ ಉಲ್ಟಾ ತೀರ್ಪನೂ ಕೊಟ್ಟಾರ ನೋಡ್ರಿ. ವರ್ಜೀನಿಯಾದಾಗ ರಿಚರ್ಡ್ ಲವಿಂಗ್ ಅಂತ ಬಿಳಿಯ, ಮಿಲ್ಡ್ರೆಡ್ ಅಂತ ಕಪ್ಪು ಹೆಣ್ಮಗಳು, 1958ರಾಗ ವಾಶಿಂಗ್ಟನ್‌ಗೆ ಹೋಗಿ ಮದುವಿ ಆಗಿ ಊರಿಗೆ ಬಂದ್ರು. ರಾತ್ರಿ ಮಲಗಿದ್ದಾಗ ಪೊಲೀಸ್ರು ಬ್ಯಾಟರಿ ಹಿಡದು ಒಳಗ ಬಂದ್ರು. ಗೋಡಿಗೆ ಮದುವಿ ಸರ್ಟಿಫಿಕೇಟ್ ತೂಗ ಹಾಕಿದ್ರು, ಅದು ಇಲ್ಲಿ ನಡಿಯಂಗಿಲ್ಲ ಅಂದು ಹಿಡಕೊಂಡ ಹೋದ್ರು. ದೇವರು ಬ್ಯಾರೆ ಬ್ಯಾರೆ ಜನಾಂಗ ಮಾಡಿ ಬ್ಯಾರೆ ಬ್ಯಾರೆ ಖಂಡದಾಗ ಇಟ್ಟಾನ, ಅಂದ ಮ್ಯಾಲ ಕೂಡಬಾರದು ಅಂತನ ಅವನ ಮನಸು, ಹಿಂಗ ಬರದಾನ ಅವರ ಕೇಸ್ ನಡಿಸಿದ ಜಡ್ಜ್. ಇಪ್ಪತ್ತೈದ ವರ್ಷ ಇಬ್ಬರೂ ಜೋಡಿಯಾಗಿ ರಾಜ್ಯಕ್ಕ ಕಾಲಿಡಬಾರದು ಅಂತ ಶಿಕ್ಷಾ. 1967ರ ಜೂನ್ 12ಕ್ಕ ಸುಪ್ರೀಂ ಕೋರ್ಟ್ ಅದನ್ನ ತಗದ ಹಾಕ್ತು. ನನ್ನ ಗಂಡನ ಅಜ್ಜಿ ಇರೂ ಅಲಬಾಮಾ ತನ್ನ ರಾಜ್ಯದ ಸಂವಿಧಾನದಿಂದ ಬಿಳಿಯರು ಕರಿಯರು ಮದುವಿ ಆಗಬಾರದು ಅನ್ನೂ ಸಾಲು ಅಳಿಸಿದ್ದು 2000ದಾಗ, ಅದೂ ಓಟು ಹಾಕಿಸಿ.

ಹಳಿಯಾಳ ತಂಗಿ, ನಿನ್ನ ಮೊದಲನೇ ಪ್ರಶ್ನಿಗೆ ಯಾರೂ ಉತ್ತರ ಕೊಡ್ಲಿಲ್ಲ. ಮೊದ್ಲ ಫೋನ್ ಮಾಡಿ ಹೇಳೂದು. ನಾನೂ ಒಂದ ವರ್ಷ ಹಂಗ ಮಾಡಿದೆ. ನನ್ನ ಗಂಡಗ ಗೊತ್ತಿಲ್ಲದಂಗ ಫೋನ್ ಮಾಡಿ ಹೇಳ್ತಿದ್ದೆ, ಎಲ್ಲಾ ಸುಸೂತ್ರ ನಡೀತಿತ್ತು. ಒಂದಿನ ಆಂವಗ ಗೊತ್ತಾತು. ಜಗಳ ಆಡ್ಲಿಲ್ಲ. "ನನ್ನ ಬಗ್ಗೆ ಎಚ್ಚರಿಕೆ ಕೊಟ್ಟು ಬರ್ತೀಯಲ್ಲ, ನಾಯಿ ಇದೆ ಅಂತ ಬೋರ್ಡ್ ಹಾಕಿದ ಹಾಗೆ" ಅಂದ. ಅವತ್ತಿನಿಂದ ಬಿಟ್ಟೆ.

ನೇರ_ಮಾತು

ಇದಕ್ಕೆ ಏನು ಹೇಳೋದೂ ಗೊತ್ತಾಗ್ತಿಲ್ಲ. ನಾನು ಹೇಳಿದ್ದು ಪೂರ್ತಿ ತಪ್ಪು ಅಂತ ಈಗಲೂ ಅನಿಸ್ತಿಲ್ಲ, ಚೆಕಿಂಗ್ ಇರ್ಲೇಬೇಕು. ಆದ್ರೆ ಎಲ್ಲರಿಗೂ ಒಂದೇ ಥರ ಇರ್ಲಿ.

ಕಾರವಾರ_ಮೇಷ್ಟ್ರು

ತಡವಾಗಿ ನೋಡಿದೆ. ನಿಮ್ಮ ಯಜಮಾನ್ರು ಗೋವಾದಲ್ಲಿ "ನಾನೂರು ವರ್ಷ" ಅಂದದ್ದು ಬರೀ ಕೀಟಲೆ ಅಲ್ಲ ಮಾರಾಯ್ರೆ. ಲಿನ್‌ಸ್ಕೋಟನ್ ಅಂತ ಡಚ್ಚರವ 1580ರ ದಶಕದಲ್ಲಿ ಗೋವಾದಲ್ಲಿದ್ದ, ಆರ್ಚ್‌ಬಿಷಪ್ಪರ ಕಾರಕೂನ. ಪಟ್ಟಣದ ಮುಖ್ಯ ಬೀದಿಯಲ್ಲಿ ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಹರಾಜು ನಡೀತಿತ್ತು, ಅರಬ್ಬೀ ಕುದುರೆ, ಬಟ್ಟೆ, ಸಾಂಬಾರ, ಜೊತೆಗೆ ಗುಲಾಮರು ಅಂತ ಬರೆದಿಟ್ಟಿದ್ದಾನೆ. ಭಾನುವಾರ ಮತ್ತು ಹಬ್ಬದ ದಿನ ಮಾತ್ರ ರಜೆ. ನೀವು ಮೇಣದ ಬತ್ತಿ ಹಿಡಿದು ಸಾಲಲ್ಲಿ ನಿಂತ ಜಾಗಕ್ಕೂ ಅದಕ್ಕೂ ಹೆಚ್ಚು ದೂರ ಇಲ್ಲ.

ಹಳಿಯಾಳದ_ಸೊಸೆ

ಮೇಷ್ಟ್ರೆ, ಇದು ಇವರಿಗೆ ಗೊತ್ತಿತ್ತು. ಎರಡನೇ ದಿನ ಸೆ ಕೆಥೆಡ್ರಲ್ ಸಾಲಲ್ಲಿ ಮೂರು ಗಂಟೆ ನಿಂತಿದ್ದೆವು, ಬಿಸಿಲು. ಮುಂದೆ ಇದ್ದ ಒಬ್ಬರು ಹೆಂಗಸು ತಿರುಗಿ ಇವರ ಹತ್ರ "ವಿಚ್ ಕಂಟ್ರಿ" ಅಂತ ಕೇಳಿದ್ರು. ಇವರು ಹಳಿಯಾಳ ಅಂದ್ರು. ಅವರಿಗೆ ಹಳಿಯಾಳ ಒಂದು ದೇಶ ಅಂತಲೇ ಅನಿಸಿರ್ಬೇಕು, "ಓ ನೈಸ್" ಅಂದ್ರು. ಆಮೇಲೆ ಇವರು ನನ್ನ ಕಿವಿಯ ಹತ್ರ ಹೇಳಿದ್ದು, "ನಮ್ಮಜ್ಜನನ್ನ ಇಲ್ಲೇ ಎಲ್ಲೋ ಮಾರಿದ್ದು, ಆಗ ಯಾರೂ ಪಾಸ್‌ಪೋರ್ಟ್ ಕೇಳ್ಲಿಲ್ಲ." ನಾನು ಎಂತ ಹೇಳುದು, ಅತ್ತೆಯ ಬತ್ತಿ ಬಿಸಿಲಿಗೆ ಬಗ್ಗಿಹೋಗ್ತಾ ಇತ್ತು, ಅದನ್ನ ನೆಟ್ಟಗೆ ಮಾಡ್ತಾ ನಿಂತೆ.

ಬುತ್ತಿಗಂಟು ಅಕ್ಕ, ನೀವು ಹೇಳಿದ ಬೋರ್ಡಿನ ಮಾತು ಇವರಿಗೆ ಓದಿ ಹೇಳ್ಲಿಲ್ಲ. ಆದ್ರೆ ಫೋನ್ ಮಾಡುವ ಯೋಚನೆ ಬಿಟ್ಟೆ.

ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ವೇಲಾಂಕಣಿಗೆ ಹೋಗುವ ಅಂತ ಉಂಟು, ಈ ಸಲ ಅತ್ತೆಯೂ ಬರ್ತಾರೆ, ಚಿಕ್ಕಮ್ಮನೂ ಬರ್ತೇನೆ ಅಂತ ಹಠ. ರೂಮು ಇವರ ಹೆಸರಲ್ಲೇ ಬುಕ್ ಮಾಡಿದ್ದೇವೆ. ಕೌಂಟರಲ್ಲಿ ಯಾರಾದ್ರೂ ಪಾಸ್‌ಪೋರ್ಟ್ ಕೇಳಿದ್ರೆ ನಾನೇ ಮಾತಾಡ್ತೇನೆ ಅಂತ ಚಿಕ್ಕಮ್ಮ ಈಗ್ಲೇ ರೆಡಿ ಆಗಿದ್ದಾರೆ, ಅವರ ಬಾಯಿ ನಿಮಗೆ ಗೊತ್ತಿಲ್ಲ. ತಮಿಳು ಬರುದಿಲ್ಲ, ತುಳುವಿನಲ್ಲೇ ಬೈತಾರಂತೆ.

ಕಲಘಟಗಿ_ಒಂದ್_ಕೊಡ್ರಿ

ಚಿಕ್ಕಮ್ಮಗ ನನ್ನ ಕಡಿಂದ ಒಂದ್ ನಮಸ್ಕಾರ. ಧಾರವಾಡ ಬಸ್ಸಿಗೂ ಒಮ್ಮೆ ಕಳ್ಸ್ರಿ 🙏